ಚೌಕ, ತ್ರಿಕೋನಗಳ ಊರಿಗೆ ಟ್ಯೂಬ್ ಗ್ವಾಶ್ ಹೇಗೆ?

ಗೋಡೆಯನ್ನು ಚೌಕ, ಸೂರನ್ನು ತ್ರಿಕೋನ, ಗುಡ್ಡವನ್ನು ಅರ್ಧವೃತ್ತವಾಗಿಸಿ ಚಿತ್ರ ಬರೆಯುವವರಿಗೆ ಟ್ಯೂಬ್ ಗ್ವಾಶ್ (ನೀರಿನಲ್ಲಿ ಕಲಸುವ, ಕೆಳಗಿನದು ಕಾಣದಂತೆ ಮುಚ್ಚುವ ಬಣ್ಣ) ಹೇಳಿ ಮಾಡಿಸಿದ್ದು. ಒಣಗಿದ ಮೇಲೆ ಹೊಳಪಿರುವುದಿಲ್ಲ. ಕತ್ತರಿಸಿ ಅಂಟಿಸಿದ ಕಾಗದದಂತೆ ಸಪಾಟಾಗಿ ಕೂರುತ್ತದೆ.

ಹದ ಕೆನೆಯಂತಿರಬೇಕು. ನೀರು ಹೆಚ್ಚಾದರೆ ಪಟ್ಟೆ ಬೀಳುತ್ತದೆ, ತೀರಾ ದಪ್ಪ ಬಳಿದರೆ ಬಿರುಕು.

ನಿಜವಾದ ತಲೆನೋವು ಬೇರೆಯೇ ಇದೆ: ಒಣಗಿದ ಪದರವೂ ನೀರು ತಗುಲಿದರೆ ಎದ್ದು ಬರುತ್ತದೆ. ಕೆಂಪು ಸೂರಿನ ಮೇಲೆ ಬಿಳಿ ಚಿಮಣಿಯನ್ನು ಎರಡು ಸಲ ಉಜ್ಜಿದಿರೋ, ಗುಲಾಬಿ ಚಿಮಣಿ ಗ್ಯಾರಂಟಿ. ಬಿಳಿಯನ್ನು ಗಟ್ಟಿಯಾಗಿ ಕಲಸಿ, ಅರ್ಧ ಇಂಚಿನ ಚಪ್ಪಟೆ ಕುಂಚದಿಂದ ಒಂದೇ ಎಳೆತದಲ್ಲಿ ಮುಗಿಸಿ.

ಇನ್ನೊಂದು, ತಿಳಿ ಬಣ್ಣ ಒಣಗಿದಾಗ ತುಸು ಗಾಢವಾಗುತ್ತದೆ, ಗಾಢ ಬಣ್ಣ ತುಸು ತಿಳಿಯಾಗುತ್ತದೆ. ಬಿಸಿಲಿನ ಗೋಡೆಗೂ ನೆರಳಿನ ಗೋಡೆಗೂ ಅಂತರ ಕುಗ್ಗಿ, ಮನೆ ಚಪ್ಪಟೆಯಾಗಿ ಕಾಣುವುದು ಇದರಿಂದಲೇ. ಚೂರು ಕಾಗದದಲ್ಲಿ ಬಳಿದು, ಒಣಗಿಸಿ ನೋಡದೆ ನೆರಳು ಹಾಕಬೇಡಿ.

ಕಾಗದ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಕಾಗದ) ಇರಲಿ. ಅಂಚು ನೇರವಾಗಿ ಬರಲೆಂದು ಅಂಟಿಸಿ ಆಮೇಲೆ ಕೀಳುವ ಮಾಸ್ಕಿಂಗ್ ಟೇಪನ್ನು ಮೊದಲು ಬಟ್ಟೆಗೆ ಒತ್ತಿ ಅಂಟು ತಗ್ಗಿಸದಿದ್ದರೆ ಕೆಳಗಿನ ಬಣ್ಣವನ್ನೇ ಕಿತ್ತುಕೊಂಡು ಬರುತ್ತದೆ. ಬಿಳಿ ಟ್ಯೂಬ್ ಮಾತ್ರ ದೊಡ್ಡದನ್ನೇ ಕೊಳ್ಳಿ, ಮೊದಲು ಖಾಲಿಯಾಗುವುದು ಅದೇ.