14,000 ಕಿಲೋಮೀಟರ್ ಓಡಿದ ಆಡಿ ಟಿಟಿ: ಓಡದೆ ಉಳಿದದ್ದಕ್ಕೆ ಎಷ್ಟು ಕೊಡಬಹುದು?

ಮೈಸೂರಿನ ಯಾದವಗಿರಿಯ ಹಳೆಯ ಮನೆಯೊಂದರ ಪೋರ್ಟಿಕೋದಲ್ಲಿ, ಬೂದುಬಣ್ಣದ ಹೊದಿಕೆಯ ಕೆಳಗೆ ನಿಂತಿದ್ದ 2015ರ ಆಡಿ ಟಿಟಿ ಕೂಪೆ, ಎಂದರೆ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರನ್ನು, ನಾನು ಎರಡು ದಿನ ಕೂತು ಪರೀಕ್ಷಿಸಿದೆ. ಕೊಳ್ಳಲು ಹೊರಟವನು ನಾನಲ್ಲ, ಮಂಡ್ಯದಲ್ಲಿರುವ ನನ್ನ ಅಕ್ಕನ ಮಗ. ಮೀಟರು ತೋರಿಸುತ್ತಿದ್ದದ್ದು 14,012 ಕಿ.ಮೀ. ಮಾಲೀಕರು ನಿವೃತ್ತ ವೈದ್ಯರು, ಅವರು ಕೇಳಿದ ಬೆಲೆ 27 ಲಕ್ಷ ರೂಪಾಯಿ. ಅದೇ ವರ್ಷದ, ಅದೇ ಎಂಜಿನ್ನಿನ, 48,000 ಕಿ.ಮೀ. ಓಡಿದ ಇನ್ನೊಂದು ಟಿಟಿ ಅದೇ ವಾರ ಬೆಂಗಳೂರಿನಲ್ಲಿ 22 ಲಕ್ಷಕ್ಕೆ ಸಿಗುತ್ತಿತ್ತು. ಅಂದರೆ ಓಡಿಸದೆ ಉಳಿಸಿದ 34,000 ಕಿಲೋಮೀಟರಿಗೆ ವೈದ್ಯರು 5 ಲಕ್ಷ ಬೆಲೆ ಕಟ್ಟಿದ್ದರು, ಕಿಲೋಮೀಟರಿಗೆ ಹೆಚ್ಚುಕಡಿಮೆ 14 ರೂಪಾಯಿ 70 ಪೈಸೆ. ಈ ವಿಮರ್ಶೆಯಲ್ಲಿ ನಾನು ಅಳೆಯಲು ಹೊರಟಿರುವುದು ಆ ಐದು ಲಕ್ಷವನ್ನು.

ಕಾರಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮೂರನೇ ತಲೆಮಾರಿನ ಈ ಟಿಟಿ ನಮ್ಮ ದೇಶಕ್ಕೆ ಬಂದದ್ದು 2015ರ ಏಪ್ರಿಲ್‌ನಲ್ಲಿ, ದೆಹಲಿಯ ಎಕ್ಸ್ ಶೋರೂಂ ಬೆಲೆ 60.34 ಲಕ್ಷಕ್ಕೆ. ಎರಡು ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 230 ಅಶ್ವಶಕ್ತಿ, ಆರು ಗೇರಿನ ಜೋಡಿ ಕ್ಲಚ್ ಗೇರ್‌ಬಾಕ್ಸ್, ನಾಲ್ಕೂ ಚಕ್ರಗಳಿಗೆ ಎಳೆತ ಕೊಡುವ ಕ್ವಾಟ್ರೊ ವ್ಯವಸ್ಥೆ. ಹಿಂದಿನ ಸೀಟುಗಳು ಹೆಸರಿಗೆ ಮಾತ್ರ. ಅಲ್ಲಿ ಮಕ್ಕಳು ಕೂರಬಹುದು, ಇಲ್ಲವೇ ಸಂತೆಯ ಚೀಲ ಇಡಬಹುದು. 1998ರಲ್ಲಿ ಆರಂಭವಾದ ಟಿಟಿಯ ತಯಾರಿಕೆ 2023ರ ನವೆಂಬರಿನಲ್ಲಿ ಹಂಗೇರಿಯ ಕಾರ್ಖಾನೆಯಲ್ಲಿ ನಿಂತಿತು. ‘ಇನ್ನು ಹೊಸದು ಬರುವುದಿಲ್ಲ, ಆದ್ದರಿಂದ ಬೆಲೆ ಏರುತ್ತದೆ’ ಎಂದು ಮಾರುವವರು ಹೇಳುವುದು ಇದನ್ನು ಹಿಡಿದೇ. ನನಗೆ ಆ ಮಾತಿನಲ್ಲಿ ನಂಬಿಕೆಯಿಲ್ಲ. ತಯಾರಿಕೆ ನಿಂತ ಕಾರುಗಳಲ್ಲಿ ಬಹುಪಾಲು ಬರೀ ಹಳೆಯ ಕಾರುಗಳಾಗುತ್ತವೆ, ಎಲ್ಲೋ ಕೆಲವು ಮಾತ್ರ ಸಂಗ್ರಹಯೋಗ್ಯವಾಗುತ್ತವೆ. ಟಿಟಿಯ ಸಾಮಾನ್ಯ ಮಾದರಿ ಆ ಕೆಲವರ ಸಾಲಿಗೆ ಸೇರುತ್ತದೆಂದು ಇವತ್ತು ದುಡ್ಡು ಕಟ್ಟುವ ಧೈರ್ಯ ನನಗಿಲ್ಲ.

ಮೊದಲು ತೀರ್ಮಾನವಾಗಬೇಕಿದ್ದದ್ದು ಮೀಟರಿನ ಸತ್ಯಾಸತ್ಯತೆ. ಹತ್ತು ವರ್ಷಕ್ಕೆ 14,000 ಎಂದರೆ ತಿಂಗಳಿಗೆ 120 ಕಿಲೋಮೀಟರಿಗೂ ಕಡಿಮೆ. ಮೈಸೂರಿನಿಂದ ಬೆಂಗಳೂರಿಗೆ ಒಂದು ಸಲ ಹೋಗಿ ಮುಟ್ಟುವಷ್ಟೂ ಅಲ್ಲ. ಮೀಟರನ್ನು ಹಿಂದಕ್ಕೆ ತಿರುಗಿಸುವ ಕೈಚಳಕ ಈಗ ಲ್ಯಾಪ್‌ಟಾಪಿನಲ್ಲಿ ನಡೆಯುವುದರಿಂದ, ಕಣ್ಣಿಗೆ ಕಾಣುವ ಅಂಕಿಯನ್ನು ನಂಬದೆ ಬೇರೆ ಸಾಕ್ಷಿಗಳನ್ನು ಹುಡುಕಬೇಕು. ವೈದ್ಯರು ಸರ್ವಿಸ್ ಬಿಲ್ಲುಗಳನ್ನೆಲ್ಲ ದಾರದಲ್ಲಿ ಪೋಣಿಸಿ ಇಟ್ಟಿದ್ದರು, ಒಂದೊಂದರಲ್ಲೂ ಅಂದಿನ ಕಿಲೋಮೀಟರು ದಾಖಲಾಗಿತ್ತು, ಅಂಕಿ ಎಲ್ಲಿಯೂ ಹಿಂದೆ ಸರಿದಿರಲಿಲ್ಲ. ಬ್ರೇಕ್ ಪೆಡಲಿನ ರಬ್ಬರಿನ ಗೆರೆಗಳು ಸವೆದಿರಲಿಲ್ಲ. ಹತ್ತಿ ಇಳಿಯುವಾಗ ತೊಡೆ ಉಜ್ಜುವ ಸೀಟಿನ ಅಂಚಿನ ಚರ್ಮದಲ್ಲಿ ಸುಕ್ಕಾಗಲಿ ಹೊಳಪಾಗಲಿ ಇರಲಿಲ್ಲ. ಬ್ರೇಕ್ ಡಿಸ್ಕಿನ ಅಂಚಿನಲ್ಲಿ ಬೆರಳಾಡಿಸಿದರೆ ಸವೆತದಿಂದ ಏಳುವ ಏಣು ಸಿಗಲಿಲ್ಲ.

ಅತ್ಯಂತ ಗಟ್ಟಿ ಸಾಕ್ಷಿ ಸಿಕ್ಕಿದ್ದು ಟೈರಿನಲ್ಲಿ. ಟೈರಿನ ಪಕ್ಕದ ಗೋಡೆಯ ಮೇಲೆ ಚಿಕ್ಕ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ಟೈರು ತಯಾರಾದ ವಾರವನ್ನು, ಕೊನೆಯೆರಡು ವರ್ಷವನ್ನು ಹೇಳುತ್ತವೆ. ನಾಲ್ಕೂ ಟೈರುಗಳಲ್ಲಿ ಇದ್ದದ್ದು 1815, ಅಂದರೆ 2015ರ 18ನೇ ವಾರ. ಕಾರಿನೊಂದಿಗೆ ಬಂದ ಮೊದಲ ಟೈರುಗಳೇ ಇನ್ನೂ ಇವೆ, ಗ್ರಿಪ್ಪು ಅರ್ಧಕ್ಕಿಂತ ಹೆಚ್ಚು ಉಳಿದಿದೆ. ಐವತ್ತು ಸಾವಿರ ಓಡಿದ ಕಾರಿನಲ್ಲಿ ಇದು ಸಾಧ್ಯವೇ ಇಲ್ಲ. ಮೀಟರು ನಿಜ ಹೇಳುತ್ತಿದೆ ಎಂದು ನಾನು ಒಪ್ಪಿದ್ದು ಆಗ.

ಅಕ್ಕನ ಮಗ ಅಷ್ಟಕ್ಕೇ ಮುಂಗಡದ ಮಾತು ತೆಗೆಯಲು ಹೊರಟ. ಆದರೆ ವೈದ್ಯರ ಪರವಾಗಿ ನುಡಿದ ಆ ಸಾಕ್ಷಿಯೇ ಬೆಲೆಯ ವಿಷಯದಲ್ಲಿ ಅವರಿಗೆ ತಿರುಗಿಬೀಳುತ್ತದೆ ಎಂಬುದನ್ನು ಅವನು ಗಮನಿಸಿರಲಿಲ್ಲ. ಹತ್ತು ವರ್ಷದ ರಬ್ಬರು ಎಷ್ಟೇ ಗ್ರಿಪ್ಪು ಉಳಿಸಿಕೊಂಡಿದ್ದರೂ ಗಟ್ಟಿಯಾಗಿ, ಒಳಗಿಂದ ಬಿರಿಯತೊಡಗಿರುತ್ತದೆ. ಟೈರನ್ನು ಸ್ವಲ್ಪ ಒತ್ತಿ ನೋಡಿದರೆ ಗೆರೆಗಳ ಬುಡದಲ್ಲಿ ಕೂದಲೆಳೆಯ ಸೀಳುಗಳು ಬಾಯಿ ತೆರೆದವು. ಒಂದೇ ಜಾಗದಲ್ಲಿ ವರ್ಷಗಟ್ಟಲೆ ನಿಂತದ್ದರಿಂದ ನೆಲ ಮುಟ್ಟಿದ್ದ ಭಾಗ ಚಪ್ಪಟೆಯಾಗಿತ್ತು. ಇಂಥ ಟೈರಿನ ಮೇಲೆ 230 ಅಶ್ವಶಕ್ತಿಯ ಕಾರನ್ನು ಬೆಂಗಳೂರು-ಮೈಸೂರು ದಶಪಥದಲ್ಲಿ ಓಡಿಸುವುದು ಮೂರ್ಖತನ.

ನಿಂತ ಕಾರಿನ ಕಥೆ ಟೈರಿಗೆ ಮುಗಿಯುವುದಿಲ್ಲ. ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರುವ ಗುಣದ್ದಾದ್ದರಿಂದ, ಕಾರು ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಇಲ್ಲಿ ಕಡೆಯ ಬಾರಿ ಬದಲಿಸಿದ್ದು ಐದು ವರ್ಷದ ಹಿಂದೆ. ಎಥನಾಲ್ ಬೆರೆತ ಈಗಿನ ಪೆಟ್ರೋಲೂ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಕೂತರೆ ಅದೇ ರೀತಿ ತೇವ ಹಿಡಿಯುತ್ತದೆ. ಮನೆಯಿಂದ ಎರಡು ಕಿಲೋಮೀಟರು ಹೋಗಿ ಬರುವ ಓಡಾಟದಲ್ಲಿ ಎಂಜಿನ್ ಸರಿಯಾಗಿ ಕಾಯುವುದೇ ಇಲ್ಲ, ಹಾಗಾಗಿ ಆಯಿಲಿನಲ್ಲಿ ಸೇರಿದ ನೀರೂ ಪೆಟ್ರೋಲೂ ಆವಿಯಾಗದೆ ಅಲ್ಲೇ ಉಳಿಯುತ್ತವೆ. ಕಡಿಮೆ ಓಡಿದೆ ಎಂದು ಆಯಿಲ್ ಬದಲಿಸುವುದನ್ನು ಮುಂದೂಡುವುದು, ಹಸಿವಾಗಿಲ್ಲವೆಂದು ಹಳಸಿದ ಅನ್ನವನ್ನು ನಾಳೆಗೆ ಇಟ್ಟುಕೊಂಡ ಹಾಗೆ.

ಬಾನೆಟ್ಟು ಎತ್ತಿದಾಗ ಬ್ಯಾಟರಿಯ ಪಕ್ಕದ ಸಂದಿಯಲ್ಲಿ ತೆಂಗಿನ ನಾರಿನ ಒಂದು ಹಿಡಿ ಗೂಡು, ಅದರೊಳಗೆ ಬಾನೆಟ್ಟಿನ ಕೆಳಗಿನ ಶಾಖನಿರೋಧಕ ಪದರದಿಂದ ಕಿತ್ತು ತಂದ ಕಪ್ಪು ಹತ್ತಿ. ಕಾಂಪೌಂಡಿನ ತೆಂಗಿನ ಮರಗಳಿಂದ ಇಳಿದ ಇಲಿಗಳ ಸಂಸಾರ ಅದು. ಪುಣ್ಯಕ್ಕೆ ಎಂಜಿನ್ನಿನ ವೈರುಗಳಿಗೆ ಹಲ್ಲು ತಾಗಿರಲಿಲ್ಲ. ಸೈಲೆನ್ಸರಿನ ಒಂದು ಬಾಯೊಳಗೆ ಕಣಜ ಕಟ್ಟಿದ ಮಣ್ಣಿನ ಗೂಡಿತ್ತು.

ವೈದ್ಯರ ಒಪ್ಪಿಗೆ ಪಡೆದು ಕಾರನ್ನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ನನ್ನ ಪರಿಚಯದ ಗ್ಯಾರೇಜಿಗೆ ಒಯ್ದೆವು. ಅವರೂ ಜೊತೆಗೆ ಬಂದರು. ‘ನಾನು ಇದನ್ನ ಮಗು ಥರ ನೋಡ್ಕೊಂಡಿದ್ದೀನಪ್ಪ, ಮಳೇಲಿ ಒಂದಿನ ಹೊರಗೆ ತೆಗೆದಿಲ್ಲ’ ಎಂದರು. ಲಿಫ್ಟಿನ ಕೆಳಗಿದ್ದ ಮೆಕ್ಯಾನಿಕ್ ತಲೆ ಎತ್ತದೆಯೇ, ‘ಮಗೂನ ಹತ್ತು ವರ್ಷ ತೊಟ್ಟಿಲಲ್ಲೇ ಮಲಗ್ಸಿದ್ರೆ ಕಾಲು ಬರುತ್ತಾ ಸಾರ್?’ ಎಂದ. ವೈದ್ಯರು ನಕ್ಕರು, ಆದರೆ ಚೌಕಾಶಿಯ ದಿಕ್ಕು ಬದಲಾದದ್ದು ಆ ಮಾತಿನಿಂದಲೇ ಎಂದು ನನ್ನ ಗುಮಾನಿ.

ಆತ ಕಾರಿನ ಕಂಪ್ಯೂಟರಿಗೆ ಸ್ಕ್ಯಾನರ್ ಹಾಕಿದಾಗ ಬ್ಯಾಟರಿಯ ವೋಲ್ಟೇಜ್ ಕುಸಿದದ್ದಕ್ಕೆ ಸಂಬಂಧಿಸಿದ ಹಳೆಯ ದೋಷಸಂಕೇತಗಳು ಬಂದವು. ಈ ಕಾರುಗಳಲ್ಲಿ ಅಂಥ ಸಂಕೇತದ ಜೊತೆಗೆ ಅದು ಎಷ್ಟನೇ ಕಿಲೋಮೀಟರಿನಲ್ಲಿ ಹುಟ್ಟಿತೆಂಬುದೂ ದಾಖಲಾಗಿರುತ್ತದೆ. ಆ ಅಂಕಿಗಳೂ ಮೀಟರಿನೊಂದಿಗೆ ಹೊಂದಿದವು. ಆಮೇಲೆ ಆತ ಒಂದು ಹಾಳೆಯಲ್ಲಿ ಖರ್ಚು ಬರೆದುಕೊಟ್ಟ: ನಾಲ್ಕು ಟೈರಿಗೆ 84,000, ಬ್ಯಾಟರಿಗೆ 24,000, ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆ್ಯಕ್ಸಲ್ಲಿನ ಆಯಿಲುಗಳಿಗೂ ಕೂಲೆಂಟ್, ಬ್ರೇಕ್ ದ್ರವಗಳಿಗೂ ಸೇರಿ 62,000, ತುಕ್ಕು ಆಳಕ್ಕಿಳಿದ ಮುಂದಿನ ಡಿಸ್ಕು ಮತ್ತು ಪ್ಯಾಡಿಗೆ 55,000, ಬಿರುಕುಬಿಟ್ಟ ರಬ್ಬರ್ ಬುಶ್‌ಗಳಿಗೂ ಬೆಲ್ಟಿಗೂ 48,000. ಒಟ್ಟು 2.73 ಲಕ್ಷ. ಬೆಂಗಳೂರಿನ 48,000 ಕಿಲೋಮೀಟರಿನ ಕಾರಿಗೆ ಇವುಗಳಲ್ಲಿ ಹೆಚ್ಚಿನವು ಹಿಂದಿನ ಎರಡು ವರ್ಷದಲ್ಲೇ ಆಗಿಹೋಗಿದ್ದವು, ಬಿಲ್ಲುಗಳೂ ಇದ್ದವು. ಓಡದೆ ಇದ್ದದ್ದಕ್ಕೆ ಕೇಳಿದ ಐದು ಲಕ್ಷದಲ್ಲಿ ಅರ್ಧಕ್ಕಿಂತ ಹೆಚ್ಚು, ಓಡದೆ ಇದ್ದದ್ದರ ಹಾನಿಯನ್ನು ಸರಿಪಡಿಸುವುದಕ್ಕೇ ಹೋಗುತ್ತದೆ ಎಂದಾಯಿತು.

ಓಡಿಸಿದಾಗ ಕಾರು ಮನಸ್ಸು ಗೆದ್ದಿತು ಎಂದು ಒಪ್ಪಿಕೊಳ್ಳಬೇಕು. ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ಅದು ನೆಲಕ್ಕೆ ಅಂಟಿಕೊಂಡ ರೀತಿ, ಹಳೆಯ ಟೈರಿಗೆ ಹೆದರಿ ನಾನು ನಿಧಾನವಾಗಿಯೇ ಹೋದರೂ, ಗೊತ್ತಾಗುತ್ತಿತ್ತು. ಏರಿನಲ್ಲಿ ನಿಲ್ಲಿಸಿ, ರಿವರ್ಸ್ ಹಾಕಿ, ಮತ್ತೆ ಮುಂದೆ ತಂದಾಗ ಜೋಡಿ ಕ್ಲಚ್ಚು ನಡುಗಲಿಲ್ಲ. ಈ ಬಗೆಯ ಗೇರ್‌ಬಾಕ್ಸಿನ ಕಾಯಿಲೆ ಮೊದಲು ತಲೆ ಎತ್ತುವುದು ಅಂಥ ನಿಧಾನದ ಓಡಾಟದಲ್ಲಿಯೇ. ಹಂಪ್ಸ್‌ಗಳ ಮೇಲೆ ಮಾತ್ರ ಕಾರನ್ನು ಓರೆಯಾಗಿ ಹತ್ತಿಸಿ ಇಳಿಸಬೇಕು. ಗಂಟೆಗೆ 250 ಕಿ.ಮೀ. ಮುಟ್ಟಬಲ್ಲ ಈ ಕಾರಿಗೆ ನಮ್ಮ ದಶಪಥದಲ್ಲಿ 100ರ ಮಿತಿ, ತಲೆಯ ಮೇಲೆ ಕ್ಯಾಮೆರಾ. ಅದು ಬೇರೆಯೇ ದುಃಖ.

ಇನ್ನು ಮುಂದಿನ ಮಾರಾಟದ ಲೆಕ್ಕ. ಎರಡು ಬಾಗಿಲಿನ ಕಾರನ್ನು ಮೈಸೂರಿನಲ್ಲಿ ಕೊಳ್ಳುವವರು ಬೆರಳೆಣಿಕೆಯಷ್ಟು ಜನ, ಮಂಡ್ಯದಲ್ಲಿ ಅದಕ್ಕೂ ಕಡಿಮೆ. ಆದ್ದರಿಂದ ಕಾರು ಎಲ್ಲಿಯೇ ನಿಂತಿರಲಿ, ಬೆಲೆ ನಿಗದಿಯಾಗುವುದು ಬೆಂಗಳೂರಿನಲ್ಲಿ, ಅಲ್ಲಿನ ಗಿರಾಕಿ ಇಲ್ಲಿಯವರೆಗೆ ಬಂದು ನೋಡುವ ಶ್ರಮಕ್ಕೆ ತಕ್ಕಷ್ಟು ಕಡಿತ ಕೇಳಿಯೇ ಕೇಳುತ್ತಾನೆ. ಈ ಕಾರಿನ ಪರವಾಗಿದ್ದದ್ದು ಅದರ ಕೆಎ 09 ನೋಂದಣಿ. 20 ಲಕ್ಷಕ್ಕೆ ಮೇಲ್ಪಟ್ಟ ಪೆಟ್ರೋಲ್ ಕಾರಿಗೆ ಕರ್ನಾಟಕದಲ್ಲಿ ಶೇಕಡಾ 18ರ ಆಜೀವ ತೆರಿಗೆ, ಅದರ ಮೇಲೆ ಸೆಸ್ಸು. ದೆಹಲಿಯಿಂದಲೋ ಪುದುಚೇರಿಯಿಂದಲೋ ಅಗ್ಗಕ್ಕೆ ತಂದ ಕಾರನ್ನು ಇಲ್ಲಿ ನೋಂದಾಯಿಸಲು ಹೋದರೆ, ವಯಸ್ಸಿಗೆ ತಕ್ಕ ಕಡಿತ ಸಿಕ್ಕರೂ, ಆ ಅಗ್ಗವೆಲ್ಲ ಆರ್‌ಟಿಓ ಕೌಂಟರಿನಲ್ಲಿ ಕರಗುತ್ತದೆ. ಒಬ್ಬರೇ ಮಾಲೀಕರು, ಸಾಲದ ನಮೂದಿಲ್ಲ, ಅಪಘಾತವಾಗಿಲ್ಲ, ಬಣ್ಣ ಕಾರ್ಖಾನೆಯದ್ದೇ. ಇವಕ್ಕೆಲ್ಲ ಸೇರಿಸಿ ಬೆಂಗಳೂರಿನ ಕಾರಿಗಿಂತ ಮೂರೂವರೆ ಲಕ್ಷ ಹೆಚ್ಚು ಕೊಡಬಹುದೆಂದು ನನಗನ್ನಿಸಿತು. ಅದರಲ್ಲಿ 2.73 ಲಕ್ಷ ಕಳೆದರೆ ಉಳಿಯುವುದು ಮುಕ್ಕಾಲು ಲಕ್ಷ. ನನ್ನ ಅಂದಾಜಿನ ಬೆಲೆ ಹೀಗೆ 22.75 ಲಕ್ಷಕ್ಕೆ ಬಂದು ನಿಂತಿತು.

ವೈದ್ಯರು ವಿಮೆಯ ಕಾಗದ ತೋರಿಸಿ, ‘ಇನ್ಶೂರೆನ್ಸಿನವರೇ 24 ಲಕ್ಷ ಅಂತ ಹಾಕಿದ್ದಾರಲ್ಲ’ ಎಂದರು. ಐದು ವರ್ಷದವರೆಗೆ ಮಾತ್ರ, ವಿಮೆಯ ಕಾಗದದಲ್ಲಿ ಕಾರಿಗೆ ಬರೆಯುವ ಆ ಘೋಷಿತ ಮೌಲ್ಯಕ್ಕೆ ನಿಗದಿಯಾದ ಸವಕಳಿ ಪಟ್ಟಿ ಇದೆ, ಐದನೇ ವರ್ಷದ ಕೊನೆಗೆ ಅದು ಶೇಕಡಾ 50 ಮುಟ್ಟುತ್ತದೆ. ಅಲ್ಲಿಂದಾಚೆಗೆ ಅದು ವಿಮಾ ಕಂಪನಿಯೂ ಮಾಲೀಕರೂ ಒಪ್ಪಿ ಬರೆದುಕೊಳ್ಳುವ ಅಂಕಿಯೇ ಹೊರತು ಮಾರುಕಟ್ಟೆಯ ಬೆಲೆಯಲ್ಲ. ಹೆಚ್ಚು ಪ್ರೀಮಿಯಂ ಕಟ್ಟಿದವರಿಗೆ ಹೆಚ್ಚು ಅಂಕಿ ಸಿಗುತ್ತದೆ, ಅಷ್ಟೇ. ಪರಿಹಾರ ಕೇಳದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ವೈದ್ಯರು ಗಳಿಸಿದ್ದ ಶೇಕಡಾ 50ರ ನೋ ಕ್ಲೇಮ್ ಬೋನಸ್ ಕೂಡ ಅವರದ್ದೇ, ಕಾರಿನೊಂದಿಗೆ ಬರುವುದಿಲ್ಲ.

ಬೆಲೆ ಕಟ್ಟುವಾಗ ನನಗೆ ಹೆಚ್ಚು ತೂಕದ್ದೆನಿಸಿದ ಸಂಗತಿ ಇನ್ನೊಂದಿತ್ತು, ಅದನ್ನು ನಾನು ಅಕ್ಕನ ಮಗನಿಗೆ ಮಾತ್ರ ಹೇಳಿದೆ. ಅವನು ಪ್ರತಿ ಭಾನುವಾರ ಮಂಡ್ಯದಿಂದ ಮೈಸೂರಿಗೆ ಬಂದು ಹೋದರೂ ಸಾಕು, ಸಲಕ್ಕೆ 90 ಕಿಲೋಮೀಟರಿನಂತೆ ಮೂರು ವರ್ಷದಲ್ಲಿ 14,000 ಸೇರಿ ಮೀಟರು ದುಪ್ಪಟ್ಟಾಗುತ್ತದೆ. ಕಡಿಮೆ ಓಡಿದ್ದಕ್ಕೆಂದು ಕೊಟ್ಟ ಹೆಚ್ಚಿನ ದುಡ್ಡು ಮುಂದಿನ ಗಿರಾಕಿಯಿಂದ ವಾಪಸು ಬರಬೇಕಾದರೆ ಅಕ್ಕನ ಮಗನೂ ಕಾರನ್ನು ಓಡಿಸದೆ ಹೊದಿಕೆಯ ಕೆಳಗಿಟ್ಟು ಪೂಜಿಸಬೇಕು. ಅಷ್ಟು ಹೊತ್ತಿಗೆ 2030ರ ನವೆಂಬರಿಗೆ ಮುಗಿಯುವ ಹದಿನೈದು ವರ್ಷದ ನೋಂದಣಿಯಲ್ಲಿ ಎರಡು ವರ್ಷ ಮಾತ್ರ ಉಳಿದಿರುತ್ತದೆ, ಮರುನೋಂದಣಿಯ ಅನುಮಾನವನ್ನು ಆಗಿನ ಗಿರಾಕಿ ಬೆಲೆಯಲ್ಲಿ ಹಿಡಿದೇ ಹಿಡಿಯುತ್ತಾನೆ. ಆದುದರಿಂದ, ಓಡಿಸುವ ಆಸೆಯಿರುವವರಿಗೆ ಬಿಲ್ಲುಗಳಿರುವ 48,000 ಕಿಲೋಮೀಟರಿನ ಕಾರೇ ಒಳ್ಳೆಯ ವ್ಯಾಪಾರ. ಯಾದವಗಿರಿಯ ಕಾರು 23 ಲಕ್ಷದೊಳಗೆ ಬಂದರೆ ಮಾತ್ರ ಕೊಳ್ಳಬಹುದು, ಅದರ ಮೇಲೆ ಹತ್ತು ಸಾವಿರವೂ ಬೇಡ ಎಂಬುದು ನನ್ನ ಅಭಿಪ್ರಾಯವಾಗಿತ್ತು. ‘ಮಾವ, ಬೆಂಗಳೂರಿಂದು ಬಿಳಿ ಬಣ್ಣ’ ಎಂದ ಅವನು. ಬಣ್ಣದ ಮುಂದೆ ಲೆಕ್ಕ ನಿಲ್ಲುವುದಿಲ್ಲ. ಅವನ ತಂದೆಯಂತೂ, ‘ಇಬ್ರು ಕೂರೋ ಕಾರ್ಗೆ ಇಷ್ಟು ದುಡ್ಡಾ, ಅದ್ರಲ್ಲಿ ಎರಡು ಟ್ರ್ಯಾಕ್ಟರ್ ಬತ್ತವೆ’ ಎಂದು ಎದ್ದು ಹೋದರು.

ನಾವು 22.5 ಹೇಳಿ ಬಂದೆವು. ಏಳು ವಾರ ಸುದ್ದಿಯಿರಲಿಲ್ಲ. ವಿಮೆಯ ನವೀಕರಣದ ತಿಂಗಳು ಹತ್ತಿರ ಬಂದಾಗ ವೈದ್ಯರೇ ಫೋನು ಮಾಡಿದರು, 23ಕ್ಕೆ ಮುಗಿಯಿತು. ನೇರ ಮಾಲೀಕರಿಂದ ಕೊಂಡದ್ದರಿಂದ ಡೀಲರ್‌ಗಳ ಲಾಭದ ಮೇಲೆ ಬೀಳುವ ಶೇಕಡಾ 18ರ ಜಿಎಸ್‌ಟಿಯ ಭಾರವೂ ಬೆಲೆಯಲ್ಲಿ ಸೇರಲಿಲ್ಲ. ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಬಿತ್ತು, ರಾಜ್ಯದೊಳಗಿನ ವರ್ಗಾವಣೆಯಾದ್ದರಿಂದ ನಂಬರು ಹಾಗೆಯೇ ಉಳಿಯಿತು.

ಮರುದಿನ ಟೈರ್ ಅಂಗಡಿಯಲ್ಲಿ ಹಳೆಯ ನಾಲ್ಕನ್ನು ಬಿಚ್ಚಿ ಗೋಡೆಗೆ ಒರಗಿಸಿದರು. ಗ್ರಿಪ್ಪು ನೋಡಿ ಆಸೆಪಟ್ಟ ಅಕ್ಕನ ಮಗ, ಇವನ್ನು ಎಷ್ಟಕ್ಕೆ ತಗೊಳ್ತೀರಿ ಎಂದು ಕೇಳಿದ. ಅಂಗಡಿಯ ಹುಡುಗ ಬಗ್ಗಿ 1815ನ್ನು ಓದಿದ, ಉಗುರಿನಿಂದ ಸೀಳನ್ನು ಕೆರೆದ. ‘ಎತ್ತಿನ ಗಾಡಿಗೆ ಹಾಕಣ ಅಂದ್ರೂ ರಿಮ್ ಸೈಜೇ ಬೇರೆ ಅಣ್ಣ. ನಾಲ್ಕೂ ಬಿಟ್ಟೋಗಿ, ಟೀ ಕುಡಿಸ್ತೀನಿ’ ಎಂದ.