ತನಿ ಬಂದರೆ ಕಾಫಿಗೆ ಏಳುತ್ತಿದ್ದವನ ಆರು ಭಾನುವಾರ

ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಸಂಗೀತ ಕಚೇರಿಗಳಿಗೆ ಹೆಂಡತಿ ಜೊತೆ ಎಷ್ಟೋ ವರ್ಷದಿಂದ ಹೋಗುತ್ತಿದ್ದೇನೆ. ಮೃದಂಗದಂಥ ತಾಳವಾದ್ಯಗಳು ಮಾತ್ರ ನುಡಿಯುವ ತನಿ ಆವರ್ತನ ಶುರುವಾದರೆ ನಾನು ಕಾಫಿಗೆ ಏಳುವವನು, ಅವಳು ದುರುಗುಟ್ಟಿ ನೋಡುವವಳು. ಈ ಸಲ ಮಗಳು ನನ್ನನ್ನು ಕೇಳದೇ 1,500 ರೂಪಾಯಿ ಕಟ್ಟಿ, ಕಚೇರಿ ಕೇಳುವವರಿಗಾಗಿ ನಡೆಯುವ ಒಂದು ಕ್ಲಾಸಿಗೆ ಸೇರಿಸಿಬಿಟ್ಟಳು. ಆರು ಭಾನುವಾರ. ಹಾಡುವುದು ಕಲಿಸಲ್ಲ, ಬರೀ ಪದಗಳ ಪರಿಚಯ.

ಮೊದಲ ದಿನ ಮೇಡಂ ಏನೂ ವಿವರಿಸದೆ ಕೈ ಆಡಿಸಿ ಅಂದರು. ಒಂದು ಪೆಟ್ಟು, ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ಆಮೇಲೆ ಪೆಟ್ಟು, ಹುಸಿ (ಅಂಗೈ ಮೇಲೆ ಮಾಡುವುದು), ಪೆಟ್ಟು, ಹುಸಿ. ಎಂಟಾಯಿತು, ಆದಿತಾಳ. ಮೊದಲ ನಾಲ್ಕು ಲಘು, ಆಮೇಲಿನ ಎರಡೆರಡು ದ್ರುತ ಅಂತ ಬೋರ್ಡಿನಲ್ಲಿ ಬರೆದದ್ದು ಅದು ಕೈಗೆ ಕೂತ ಮೇಲೆ. ನನಗೆ ಹಿಡಿಸಿದ್ದು ಇದೇ.

ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುವ ಸಂಗತಿ, ನೆರವಲ್ ಎರಡೂ ಒಂದೇ ಅಂದುಕೊಂಡಿದ್ದೆ. ಸಾಲು ಮುಂದೆ ಹೋಗಲ್ವಲ್ಲ! (ಮರೆತು ಅಲ್ಲೇ ಸುತ್ತುತ್ತಿದ್ದಾರೆ ಅಂತ ಒಂದು ಕಾಲದಲ್ಲಿ ನಂಬಿದ್ದೆ.) ಮೇಡಂ ಪಲ್ಲವಿಯ ಒಂದೇ ಸಾಲನ್ನು ಐದು ಸಲ, ಸಲಕ್ಕೊಂದಿಷ್ಟು ಬೆಳೆಸಿ ಹಾಡಿದರು. ಇದು ಸಂಗತಿ, ಹೆಚ್ಚಾಗಿ ಹಾಡುವವರಿಗೆ ಗುರುಗಳ ಪಾಠದಲ್ಲೇ ಬಂದದ್ದು. ನೆರವಲ್‌ನಲ್ಲಿ ಮಾತು ತಾಳದಲ್ಲಿ ತನ್ನ ಜಾಗ ಬಿಡಬಾರದು, ರಾಗ ಮಾತ್ರ ಆಗಿಂದಾಗಲೇ ಹುಟ್ಟಬೇಕು. ಆ ಅರ್ಧ ಗಂಟೆಗೇ ದುಡ್ಡು ವಸೂಲಾಯಿತು.

ನಾಲ್ಕನೇ ವಾರ ಸಪ್ಪೆ. 72 ಮೇಳಕರ್ತಗಳ, ಅಂದರೆ ಮೂಲ ರಾಗಗಳ, ಜೆರಾಕ್ಸ್ ಕೈಗಿಟ್ಟು, ಹೆಸರಿನ ಮೊದಲೆರಡು ಅಕ್ಷರದಿಂದ ರಾಗದ ನಂಬರ್ ಹುಡುಕುವ ಕಟಪಯಾದಿ ಹೇಳಿಕೊಟ್ಟರು. ಮಾಯಾಮಾಳವಗೌಳದಲ್ಲಿ ಮಾ ಅಂದರೆ 5, ಯಾ ಅಂದರೆ 1, ತಿರುಗಿಸಿದರೆ 15ನೇ ಮೇಳ. ಒಗಟು ಚೆನ್ನಾಗಿದೆ, ಆದರೆ ರಾಗ ಕಿವಿಗೆ ಬೀಳದೆ ನಂಬರ್ ತಗೊಂಡು ನಾನೇನು ಮಾಡಲಿ?

ನಾನು ಕಾದಿದ್ದ ತನಿಗೆ ಸಿಕ್ಕಿದ್ದು ಬರೀ ಇಪ್ಪತ್ತು ನಿಮಿಷ, ಅದೂ ಮೊಬೈಲ್ ಸ್ಪೀಕರಿನಲ್ಲಿ. ಮೃದಂಗದ ಎಡಗಡೆಯ ಗುಂ ಅನ್ನುವ ನಾದವೇ ಕೇಳಲಿಲ್ಲ. ಒಬ್ಬ ವಿದ್ವಾಂಸರನ್ನು ಕರೆಸಬಹುದಿತ್ತು. ಆದರೂ ಒಂದು ವಿಷಯ ಸಿಕ್ಕಿತು. ಕೊನೆಯ ಮುಕ್ತಾಯ ಮೂರು ಸಲ ಬಂದು, ಹಾಡು ಎತ್ತಿಕೊಳ್ಳುವ ಜಾಗಕ್ಕೆ ಸರಿಯಾಗಿ ಬಂದು ಕೂರುತ್ತದೆ. ಆ ಜಾಗವೇ ಎಡುಪು. ಅದು ಯಾವಾಗಲೂ ಮೊದಲ ಪೆಟ್ಟಿನ ಮೇಲೇ ಇರಬೇಕೆಂದಿಲ್ಲ. ನಾನು ಚಪ್ಪಾಳೆಗೆ ಆತುರಪಡುತ್ತಿದ್ದದ್ದು ಅಲ್ಲೇ.

ಸಂಗೀತದ ಮೊದಲ ಪಾಠಗಳಾದ ಸರಳೆ, ಜಂಟಿ ವರಸೆ ಕಲಿತವರಿಗೆ ಈ ಕ್ಲಾಸ್ ಬೇಡ. ನನ್ನಂಥವರು ಸೇರಬಹುದು. ಕೂರುವುದು ಜಮಖಾನದ ಮೇಲೆ, ಮಂಡಿ ನೋವಿದ್ದರೆ ಮೊದಲೇ ಹೇಳಿ, ಕುರ್ಚಿ ಕೊಡುತ್ತಾರೆ.