ಹಳೆಯ ಮಾರುತಿ 800ಕ್ಕೆ ಮನೆಯಲ್ಲೇ ಹಾಕಿದ ಟೈ ರಾಡ್ ಎಂಡ್: 21,000 ಕಿಲೋಮೀಟರ್ ನಂತರ

ಮಂಡ್ಯದ ನಮ್ಮ ಮನೆಯಲ್ಲಿರುವ 2006ರ ಮಾರುತಿ 800 ಕಾರಿನ ಎರಡೂ ಬದಿಯ ಟೈ ರಾಡ್ ಎಂಡ್‌ಗಳನ್ನು ಅಂಗಳದಲ್ಲಿಯೇ ನಿಲ್ಲಿಸಿ ನಾನು ಬದಲಿಸಿ ಎರಡು ವರ್ಷ ಎಂಟು ತಿಂಗಳಾಯಿತು. ಅಲ್ಲಿಂದೀಚೆಗೆ ಕಾರು ಸುಮಾರು 21,000 ಕಿಲೋಮೀಟರ್ ಓಡಿದೆ. ಈ ಕಾರಿನ ತಯಾರಿಕೆ 2014ರ ಜನವರಿಯಲ್ಲಿಯೇ ನಿಂತುಹೋದರೂ ಬಿಡಿಭಾಗಗಳಿಗೆ ಇನ್ನೂ ಬರವಿಲ್ಲ. ಆದರೆ ಅಂಗಡಿಯವರು ಒಂದೇ ಭಾಗವನ್ನು ಮೂರು ನಾಲ್ಕು ಬೆಲೆಗಳಲ್ಲಿ ತೆಗೆದಿಟ್ಟಾಗ ಯಾವುದನ್ನು ಕೊಳ್ಳಬೇಕೆಂದು ತಿಳಿಯದೆ ನಾನು ಒಮ್ಮೆ ತಪ್ಪಿದ್ದೇನೆ. ಆದ್ದರಿಂದ ಎರಡು ಬಗೆಯ ಟೈ ರಾಡ್ ಎಂಡ್‌ಗಳನ್ನು ಬಳಸಿದ ಅನುಭವವನ್ನು ವಿವರವಾಗಿ ಬರೆಯುತ್ತಿದ್ದೇನೆ.

ಸ್ಟೀರಿಂಗ್ ತಿರುಗಿಸಿದಾಗ ಒಳಗಿನ ಹಲ್ಲಿರುವ ಸರಳು, ಅಂದರೆ ರ‍್ಯಾಕ್ ಎಡಕ್ಕೋ ಬಲಕ್ಕೋ ಸರಿಯುತ್ತದೆ, ಅದನ್ನು ಚಕ್ರಕ್ಕೆ ಮುಟ್ಟಿಸುವುದು ಟೈ ರಾಡ್. ಅದರ ತುದಿಯ ಭಾಗವೇ ಟೈ ರಾಡ್ ಎಂಡ್. ಅದರಲ್ಲಿ ಬಟ್ಟಲಿನೊಳಗೆ ಕೂರಿಸಿದ ಉಕ್ಕಿನ ಗುಂಡು, ಗುಂಡಿನಿಂದ ಹೊರಚಾಚಿ ಚಕ್ರದ ಕಡೆಗೆ ಸೇರುವ ಕಂಬ, ಸುತ್ತ ಗ್ರೀಸು, ಮೇಲೆ ರಬ್ಬರ್ ಬೂಟು ಇರುತ್ತವೆ. ಗುಂಡು ಸವೆದರೆ ಸ್ಟೀರಿಂಗಿನಲ್ಲಿ ಆಟ, ಅಂದರೆ ಸಡಿಲ, ಬರುತ್ತದೆ. ಸವೆತ ಮಿತಿಮೀರಿ ಗುಂಡು ಬಟ್ಟಲಿನಿಂದ ಕಳಚಿಕೊಂಡರೆ ಆ ಬದಿಯ ಚಕ್ರ ನಮ್ಮ ಕೈಮಾತು ಕೇಳುವುದಿಲ್ಲ. ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ, ತಡೆಗೋಡೆಯಿಲ್ಲದ ಕಡೆಗಳಲ್ಲಿ ವಾರಕ್ಕೆರಡು ಬಾರಿ ಮನೆಮಂದಿಯನ್ನು ಕೂರಿಸಿಕೊಂಡು ಹೋಗುವ ನನಗೆ ಇದು ಸಣ್ಣ ವಿಷಯವಲ್ಲ.

ನಮ್ಮ ಕಾರಿನಲ್ಲಿ ಮೊದಲು ಕಂಡದ್ದು ಹಂಪು ಇಳಿಯುವಾಗಿನ 'ಟಕ್' ಎಂಬ ಸದ್ದು. ಆಮೇಲೆ ಎಡಗಡೆಯ ಮುಂದಿನ ಟೈರು ಒಂದು ಅಂಚಿನಲ್ಲಿ ಮಾತ್ರ ಸವೆಯತೊಡಗಿತು. ಚಕ್ರವನ್ನು ಜಾಕ್‌ನಿಂದ ಎತ್ತಿ, ಗಡಿಯಾರದ 9 ಮತ್ತು 3ರ ಜಾಗದಲ್ಲಿ ಹಿಡಿದು ಅಲ್ಲಾಡಿಸುವಂತೆ ಮಗನಿಗೆ ಹೇಳಿ, ನಾನು ಟೈ ರಾಡ್‌ನ ತುದಿಯ ಮೇಲೆ ಬೆರಳಿಟ್ಟುಕೊಂಡು ಕುಳಿತೆ. ಬೂಟಿನ ಕೆಳಗೆ ಗುಂಡು ಕುಣಿಯುವುದು ಬೆರಳಿಗೆ ಸ್ಪಷ್ಟವಾಗಿ ತಿಳಿಯಿತು. 12 ಮತ್ತು 6ರ ಜಾಗದಲ್ಲಿ ಹಿಡಿದಾಗ ಅಲ್ಲಾಟವಿರಲಿಲ್ಲವಾದ್ದರಿಂದ ಬೇರಿಂಗ್ ಸರಿಯಾಗಿದೆಯೆಂದು ಸಮಾಧಾನವಾಯಿತು.

ಮೊದಲ ಸಲ ಹಾಕಿದ್ದು ಅಂಗಡಿಯಲ್ಲಿದ್ದವುಗಳಲ್ಲೇ ಅಗ್ಗದ ಜೋಡಿ. ಹಾಕಿದ ದಿನ ಸ್ಟೀರಿಂಗ್ ಹೊಸ ಕಾರಿನದರಂತೆ ಬಿಗಿಯಾಗಿತ್ತು, ನನಗೆ ಬಹಳ ಸಂತೋಷವಾಗಿತ್ತು. ಏಳು ತಿಂಗಳಿಗೇ ಎಡಗಡೆಯ ಬೂಟು ಮಡಿಕೆಯಲ್ಲಿ ಸೀಳಿ ಗ್ರೀಸು ಹೊರಬಂದಿತ್ತು. ಕಬ್ಬಿನ ಗಾಡಿಗಳು ಓಡಾಡಿ ಹಳ್ಳ ಬಿದ್ದ ರಸ್ತೆಯ ಕೆಸರು ಆ ಸೀಳಿನಿಂದ ಒಳಹೊಕ್ಕ ಮೇಲೆ ಗುಂಡು ಎಷ್ಟು ದಿನ ತಾಳೀತು? ಬಿಚ್ಚಿ ಕೈಯಲ್ಲಿ ಹಿಡಿದಾಗ ಅದರ ಕಂಬ ತನ್ನಷ್ಟಕ್ಕೆ ಒಂದು ಬದಿಗೆ ವಾಲಿತು, ಒಳಗಿನಿಂದ ತುಕ್ಕುಬಣ್ಣದ ನೀರು ಒಸರಿತು. ಅಂಗಡಿಯವರು ಅದನ್ನು ಮರಳಿ ಪಡೆಯಲು ಒಪ್ಪಲಿಲ್ಲ. ಎರಡನೆಯ ಸಲ ಎರಡರಷ್ಟಕ್ಕಿಂತ ಹೆಚ್ಚು ಬೆಲೆ ಕೊಟ್ಟು ಮಾರುತಿ ಕಂಪನಿಯದೇ ಜೆನ್ಯುಯಿನ್ ಪಾರ್ಟ್ ತಂದೆ. ಮೇಲೆ ಹೇಳಿದ 21,000 ಕಿಲೋಮೀಟರ್ ಓಡಿದ್ದು ಈ ಜೋಡಿಯೇ, ಈ ವಿಮರ್ಶೆ ಮುಖ್ಯವಾಗಿ ಅದನ್ನು ಕುರಿತದ್ದು.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಉಕ್ಕಿನಲ್ಲಿ ನನ್ನ ಕಣ್ಣಿಗೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ, ಕಂಡದ್ದು ಬೂಟಿನಲ್ಲಿ. ಅಗ್ಗದ್ದರ ಬೂಟು ಗಟ್ಟಿಯಾಗಿ, ಹಿಚುಕಿದರೆ ಮಡಿಕೆಯಲ್ಲಿ ಬಿಳಿಚಿಕೊಳ್ಳುತ್ತಿತ್ತು. ಕಂಪನಿಯದು ಮೆತ್ತಗಿದ್ದು, ಹಿಚುಕಿ ಬಿಟ್ಟರೆ ಸುಕ್ಕಿಲ್ಲದೆ ಮೊದಲಿನ ಆಕಾರಕ್ಕೆ ಬರುತ್ತಿತ್ತು, ಅದರ ಬಾಯಿಯೂ ಕಂಬವನ್ನು ಬಿಗಿಯಾಗಿ ಅಪ್ಪಿಕೊಂಡಿತ್ತು. ಈ ಭಾಗದ ಆಯುಷ್ಯವಿರುವುದು ಬೂಟಿನಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಕೊಳ್ಳುವಾಗ ಪೊಟ್ಟಣ ಬಿಚ್ಚಿಸಿ, ಬೂಟನ್ನು ಬೆರಳಿನಿಂದ ಹಿಚುಕಿ ನೋಡದೆ ಹಣ ಕೊಡಬೇಡಿ.

ಕೆಲಸಕ್ಕೆ ಮೊದಲು ಹ್ಯಾಂಡ್‌ಬ್ರೇಕ್ ಎಳೆಯಬೇಕು. ಅದು ಹಿಡಿಯುವುದು ಹಿಂದಿನ ಚಕ್ರಗಳನ್ನಾದ್ದರಿಂದ ಮುಂಭಾಗ ಎತ್ತಿದಾಗಲೂ ಕಾರು ನಿಲ್ಲುತ್ತದೆ, ಆದರೂ ಹಿಂದಿನ ಟೈರಿಗೆ ಅಡ್ಡಗಲ್ಲು ಕೊಡಲೇಬೇಕು. ಬರೀ ಜಾಕ್ ನಂಬಿ ಕೈ ಹಾಕಬಾರದು, ಇಟ್ಟಿಗೆ ಅಥವಾ ಹಾಲೋ ಬ್ಲಾಕ್ ಪೇರಿಸಿ ಅದರ ಮೇಲೆ ಕಾರನ್ನು ನಿಲ್ಲಿಸಲೂಬಾರದು. ನಾನು ಸ್ಟ್ಯಾಂಡ್ ಕೊಟ್ಟು, ಬಿಚ್ಚಿದ ಚಕ್ರವನ್ನೂ ಕಾರಿನಡಿ ಮಲಗಿಸಿದ್ದೆ.

ಪಕ್ಕದ ಬೀದಿಯ ಹಿರಿಯ ಮೆಕ್ಯಾನಿಕ್ ಒಬ್ಬರು ಹೇಳಿಕೊಟ್ಟ ಮಾತು ಇಡೀ ಕೆಲಸದ ಕೀಲಿಕೈ: "ಸುತ್ತು ಎಣಿಸ್ಕೊಂಡು ಬಿಚ್ಚಿ ಸಾರ್, ಎಷ್ಟು ಸುತ್ತಿಗೆ ಈಚೆ ಬಂತೋ ಹೊಸದನ್ನೂ ಅಷ್ಟೇ ಸುತ್ತು ಹಾಕಿ." ಎಂಡ್ ಟೈ ರಾಡಿಗೆ ತಿರುಪಿನಂತೆ ಕೂರುತ್ತದೆ. ಅದು ತಿರುಗದಂತೆ ಬಿಗಿದಿಡುವ ಲಾಕ್ ನಟ್ ಇದ್ದ ಜಾಗಕ್ಕೆ ಬಿಳಿ ಬಣ್ಣದ ಗುರುತು ಹಾಕಿ, ಸುತ್ತುಗಳನ್ನು ಎಣಿಸಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡೆ. ಕಂಬವು ನಕಲ್‌ನ (ಚಕ್ರವನ್ನು ಹೊತ್ತು ತಿರುಗಿಸುವ ಭಾಗದ) ತೋಳಿನಿಂದ ಸುಲಭವಾಗಿ ಬಿಡುವುದಿಲ್ಲ, ಏಕೆಂದರೆ ಅದು ಬುಡದಿಂದ ತುದಿಗೆ ಕಿರಿದಾಗುತ್ತ ಹೋಗಿ ಆಪಿನಂತೆ ಬಿಗಿದಿರುತ್ತದೆ. ನಟ್ಟು ಸಡಿಲವಾಗದಂತೆ ತೂರಿಸಿ ಮಡಿಚುವ ಕಾಟರ್ ಪಿನ್ ತೆಗೆದು, ನಟ್ಟನ್ನು ಪೂರ್ತಿ ಬಿಚ್ಚದೆ ಎರಡು ಮೂರು ಎಳೆ ಉಳಿಸಿಕೊಂಡು, ತೋಳಿನ ಕಣ್ಣಿನ ಒಂದು ಪಕ್ಕಕ್ಕೆ ದಪ್ಪ ಸುತ್ತಿಗೆ ಆನಿಸಿ ಇನ್ನೊಂದು ಪಕ್ಕಕ್ಕೆ ಜೋರಾಗಿ ಹೊಡೆದಾಗ ನಾಲ್ಕನೆಯ ಏಟಿಗೆ ಅದು ಕಳಚಿತು. ಕಂಬದ ತಲೆಗೆ ಹೊಡೆದರೆ ಎಳೆ ಹಾಳಾಗುವುದೇ ಹೊರತು ಪ್ರಯೋಜನವಿಲ್ಲ.

ಹೊಸದನ್ನು ಬಿಗಿಯುವಾಗ ನಟ್ಟಿನೊಡನೆ ಕಂಬವೂ ತಿರುಗತೊಡಗಿತು. ಕೆಳಗಿನಿಂದ ಸಣ್ಣ ಜಾಕ್ ಕೊಟ್ಟು ಮೆಲ್ಲಗೆ ಒತ್ತಿದ ಮೇಲೆ ಕಂಬ ತೋಳಿನಲ್ಲಿ ಕಚ್ಚಿ ಕುಳಿತು ನಟ್ಟು ಬಿಗಿಯಾಯಿತು. ಪಿನ್ನಿನ ತೂತು ನಟ್ಟಿನ ಕಚ್ಚಿಗೆ ಹೊಂದದಿದ್ದರೆ ಇನ್ನಷ್ಟು ಬಿಗಿದು ಹೊಂದಿಸಬೇಕು, ಹಿಂದಕ್ಕೆ ಸಡಿಲಿಸಿ ಹೊಂದಿಸುವುದು ಅಪಾಯ. ಹಳೆಯ ಪಿನ್ನನ್ನು ನೆಟ್ಟಗೆ ಮಾಡಿ ಮತ್ತೆ ಹಾಕಬಾರದು. ನಾನು ತಂದ ಪೊಟ್ಟಣದಲ್ಲಿ ಹೊಸ ಪಿನ್ ಇತ್ತು.

ಸುತ್ತು ಎಷ್ಟೇ ಸರಿಯಾಗಿ ಎಣಿಸಿದರೂ ಚಕ್ರಗಳ ಕೋನ ಕೊಂಚ ಬದಲಾಗಿಯೇ ಇರುತ್ತದೆ. ಮರುದಿನವೇ ನಿಧಾನವಾಗಿ ಓಡಿಸಿಕೊಂಡು ಹೋಗಿ ವೀಲ್ ಅಲೈನ್‌ಮೆಂಟ್ ಮಾಡಿಸಿದೆ. ಮೊದಲ ಸಲ ಈ ಖರ್ಚು ಉಳಿಸಲು ಹೋಗಿ ಎರಡು ತಿಂಗಳು ಸ್ಟೀರಿಂಗ್ ಒಂದು ಕಡೆಗೆ ಎಳೆಯುತ್ತಿದ್ದುದನ್ನು ಸಹಿಸಿದ್ದೆ, ಆಗ ಟೈರಿಗಾದ ನಷ್ಟ ಅಲೈನ್‌ಮೆಂಟಿನ ಖರ್ಚನ್ನು ಮೀರಿತ್ತು.

ಈ ಜೋಡಿ ಎರಡು ಮಳೆಗಾಲ ಕಂಡಿದೆ, ಮೇಲುಕೋಟೆಯ ಏರು ಹತ್ತಿದೆ, ಮೈಸೂರಿಗೆ ಲೆಕ್ಕವಿಲ್ಲದಷ್ಟು ಬಾರಿ ಹೋಗಿಬಂದಿದೆ. ಸದ್ದಿಲ್ಲ, ಆಟವಿಲ್ಲ, ಮುಂದಿನ ಎರಡೂ ಟೈರುಗಳು ಸಮವಾಗಿ ಸವೆಯುತ್ತಿವೆ. ನನ್ನ ಒಂದು ಕೊರಗೆಂದರೆ ಇದಕ್ಕೆ ಗ್ರೀಸ್ ನಿಪ್ಪಲ್ ಇಲ್ಲದಿರುವುದು. ನಮ್ಮ ಹೊಲದ ಟ್ರ್ಯಾಕ್ಟರಿನ ಟೈ ರಾಡಿಗೆ ಗನ್ ಹಿಡಿದು ಹೊಸ ಗ್ರೀಸು ತುಂಬುವಂತೆ ಇದಕ್ಕೆ ತುಂಬಲಾಗದು, ಬೂಟು ಹೋದರೆ ಇಡೀ ಭಾಗವನ್ನೇ ಬದಲಿಸಬೇಕು.

ಹೀಗಾಗಿ ಪ್ರತಿ ತಿಂಗಳು ಟಾರ್ಚ್ ಹಿಡಿದು ಎರಡೂ ಬೂಟುಗಳನ್ನು ನೋಡುತ್ತೇನೆ. ಕಳೆದ ವಾರ ಎಡಗಡೆಯದರ ಮಡಿಕೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಗ್ರೀಸಿನ್ನೂ ಹೊರಬಂದಿಲ್ಲ. ಅದೇ ಕಂಪನಿಯ ಇನ್ನೊಂದು ಟೈ ರಾಡ್ ಎಂಡ್ ತಂದಿಟ್ಟಿದ್ದೇನೆ, ಕಬ್ಬಿನ ಕಟಾವು ಶುರುವಾಗಿ ರಸ್ತೆ ಕೆಡುವ ಮೊದಲೇ ಹಾಕುತ್ತೇನೆ.